ಸಭೆಯೇ ಹೊತ್ತು ತರುವ ಕ್ರಿಸ್‌ಮಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡವಾದ ಬ್ಯಾಪ್ಟಿಸ್ಟರ ಸಭೆಗಳಿಗೆ ಕ್ರಿಸ್‌ಮಸ್ ಆಚರಿಸಲೇಬೇಕೆಂಬ ಕಟ್ಟಳೆ ಇಲ್ಲ. ಇಂಥ ದಿನ ಇಂಥ ಪಾಠ ಓದಿ, ಇಂಥ ಬಣ್ಣದ ವಸ್ತ್ರ ಹಾಸಿ ಎಂದು ಅಪ್ಪಣೆ ಕಳುಹಿಸುವವರು ಅವುಗಳ ಮೇಲೆ ಯಾರೂ ಇಲ್ಲ. ಪ್ರತಿಯೊಂದು ಸಭೆಯೂ ತನ್ನ ಕಾರ್ಯವನ್ನು ತಾನೇ ತೀರ್ಮಾನಿಸಿಕೊಳ್ಳುತ್ತದೆ. ದಶಕಗಳಿಂದ ಸಭೆಯಲ್ಲಿರುವ ಹಿರಿಯರಿಗೂ ಒಂದೇ ಮತ, ಈಚೆಗಷ್ಟೇ ದೀಕ್ಷಾಸ್ನಾನ ಪಡೆದು ಸೇರಿದವರಿಗೂ ಒಂದೇ ಮತ. ಹಾಗಾಗಿ ನಮ್ಮಲ್ಲಿ ಈ ಹಬ್ಬ ತಾನಾಗಿ ಬರುವುದಿಲ್ಲ, ಸದಸ್ಯರು ಕೂಡಿ ತರಬೇಕು. ನಾನೂ ಅಂಥ ಒಂದು ಸಭೆಯ ಸದಸ್ಯೆ. ಹಬ್ಬವನ್ನು ತರುವ ಆ ಕೆಲಸದ ಬಗ್ಗೆ ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನಮ್ಮ ಹಿಂದಿನವರು ಕ್ರಿಸ್‌ಮಸ್ಸನ್ನು ಅನುಮಾನದಿಂದಲೇ ನೋಡಿದವರು. ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಹೊರಬಂದು ಆಮ್‌ಸ್ಟರ್‌ಡ್ಯಾಮ್ ಸೇರಿದ್ದ ಜಾನ್ ಸ್ಮಿತ್ ಮತ್ತು ಅವರ ಸಂಗಡಿಗರು 1609ರಲ್ಲಿ ಒಂದು ಹೊಸ ಸಭೆ ಕಟ್ಟಿದರು. ತನ್ನ ನಂಬಿಕೆಯನ್ನು ತಾನೇ ಬಾಯಿಬಿಟ್ಟು ಹೇಳಬಲ್ಲವರಿಗೆ ಮಾತ್ರ ದೀಕ್ಷಾಸ್ನಾನ ಎಂಬುದು ಅದರ ಬುನಾದಿ. ಅವರಲ್ಲೊಬ್ಬರಾದ ಥಾಮಸ್ ಹೆಲ್ವಿಸ್ 1612ರ ಸುಮಾರಿಗೆ ಲಂಡನ್ನಿಗೆ ಮರಳಿದರು. ಪ್ರಜೆಗಳ ಆತ್ಮದ ಮೇಲೆ ಅರಸನಿಗೆ ಅಧಿಕಾರವಿಲ್ಲ ಎಂದು ಧೈರ್ಯವಾಗಿ ಬರೆದು ಸೆರೆಮನೆ ಸೇರಿದರು. ಬೈಬಲಿನಲ್ಲಿ ಇಲ್ಲದ ಹಬ್ಬವನ್ನು ಅರಸನಾಗಲಿ ಗುರುವಾಗಲಿ ಹೇರಬಾರದು ಎಂಬ ಹಟ ಆ ಕಾಲದ್ದು. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟೇ ಕ್ರಿಸ್‌ಮಸ್ ಆಚರಣೆಯನ್ನು ರದ್ದುಪಡಿಸಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಚಾರ್ಲ್ಸ್ ಸ್ಪರ್ಜನ್, ಆಗಿನ ಬ್ಯಾಪ್ಟಿಸ್ಟರಲ್ಲಿ ಎಲ್ಲರಿಗಿಂತ ಹೆಸರುವಾಸಿಯಾದ ಪ್ರಸಂಗಿ, ದಿನ ತಿಥಿಗಳಲ್ಲಿ ತಮಗೆ ನಂಬಿಕೆ ಇಲ್ಲವೆಂದು ವೇದಿಕೆಯಿಂದಲೇ ಸಾರಿದರು. ಆದರೆ ಆ ವಾರ ಜನರ ಮನಸ್ಸು ಹೇಗೂ ಬೆತ್ಲೆಹೇಮಿನ ಕಡೆ ತಿರುಗಿರುತ್ತದೆಂದು ಯೇಸುವಿನ ಜನನದ ಮೇಲೆಯೇ ಪ್ರಸಂಗ ಮಾಡಿದರು.

ಹಿರಿಯರ ಆ ಹಟದ ಮೇಲೆ ನನಗೆ ಗೌರವವಿದೆ. ಯಾರೂ ಹೇರದ ಹಬ್ಬವನ್ನು ಆಚರಿಸುವಾಗ, ಯಾತಕ್ಕಾಗಿ ಆಚರಿಸುತ್ತೇವೆ ಎಂಬ ಪ್ರಶ್ನೆಗೆ ಪ್ರತಿ ವರ್ಷ ಉತ್ತರ ಕೊಡಲೇಬೇಕಾಗುತ್ತದೆ.

ಆ ಪ್ರಶ್ನೆ ಏಳುವುದು ನವೆಂಬರಿನ ಸಭಾಕೂಟದಲ್ಲಿ. ಆರಾಧನೆ ಮುಗಿದ ಮೇಲೆ ಸದಸ್ಯರು ಕುಳಿತೇ ಇರುತ್ತಾರೆ. ಕಾರ್ಯದರ್ಶಿ ಹಲಗೆಯ ಮೇಲೆ ಸಾಲಾಗಿ ಬರೆಯುತ್ತಾರೆ: ಮೇಣದ ಬತ್ತಿ, ಮಕ್ಕಳ ನಾಟಕ, ಕ್ಯಾರಲ್ ಎಂಬ ಕ್ರಿಸ್‌ಮಸ್ ಹಾಡುಗಳ ತಂಡ, ಕಾಣಿಕೆ, ಮನೆಭೇಟಿ. ಮೊದಲ ನಾಲ್ಕಕ್ಕೆ ಕೈಗಳು ಬೇಗ ಏಳುತ್ತವೆ. ಮನೆಭೇಟಿಯ ಸರದಿ ಬಂದಾಗ ಸ್ವಲ್ಪ ತಡವಾಗುತ್ತದೆ. ಒಂದು ವರ್ಷ ಹಿರಿಯರೊಬ್ಬರು ಎದ್ದು, ದೀಪ ದೇವರ ವಾಕ್ಯದ ಜಾಗ ಕಸಿಯಬಾರದು ಎಂದರು. ಸಭೆ ಅವರ ಮಾತನ್ನು ತಳ್ಳಿಹಾಕಲಿಲ್ಲ. ಅಂದಿನಿಂದ ಮೊದಲು ಬೈಬಲ್ ಪಾಠ, ಆಮೇಲೆ ಬತ್ತಿ ಹಚ್ಚುವುದು ಎಂದು ಗೊತ್ತುಮಾಡಿಕೊಂಡೆವು. ಒಬ್ಬರ ಮನಸ್ಸಾಕ್ಷಿಗಾಗಿ ಎಲ್ಲರೂ ಒಂದು ಕ್ರಮವನ್ನೇ ಬದಲಿಸಿಕೊಂಡ ಆ ದಿನ, ನಮ್ಮ ಆಗಮನಕಾಲ ಅಲ್ಲಿಯೇ ಮೊದಲಾಯಿತೆಂದು ನನಗೆ ಅನ್ನಿಸಿತು.

ಆಗಮನಕಾಲ ಎಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುವ ಭಾನುವಾರ ಅದರ ಮೊದಲ ದಿನ. ಹಸಿರೆಲೆಯ ಚಕ್ರದಲ್ಲಿ ನಾಲ್ಕು ಬತ್ತಿಗಳು, ವಾರಕ್ಕೊಂದರಂತೆ ಹೆಚ್ಚುವ ಬೆಳಕು. ಬಹಳ ಕಡೆ ಅವಕ್ಕೆ ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಎಂದು ಹೆಸರಿದೆ. ನಡುವಿನ ಬಿಳಿಯ ಬತ್ತಿ ಕ್ರಿಸ್ತನದು, ಅದನ್ನು ಹಬ್ಬದ ದಿನವೇ ಹಚ್ಚುವುದು. ಈ ಚಕ್ರವನ್ನು ನಾವು ಲೂಥರನ್ ಪಂಗಡದ ಸಹೋದರರಿಂದ ಪಡೆದುಕೊಂಡೆವು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಕ್ ವಿಖೆರ್ನ್ ಎಂಬ ದೈವಶಾಸ್ತ್ರಜ್ಞರು ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಎಂದು ಬರುತ್ತದೆಂದು ಕೇಳಿ ಕೇಳಿ ಮಕ್ಕಳು ಅವರನ್ನು ಬಿಡಲಿಲ್ಲವಂತೆ. 1839ರಲ್ಲಿ ಅವರು ಗಾಡಿಯ ಚಕ್ರವೊಂದಕ್ಕೆ ಬತ್ತಿಗಳನ್ನು ನಿಲ್ಲಿಸಿದರು. ವಾರದ ದಿನಗಳಿಗೆ ಚಿಕ್ಕವು, ಭಾನುವಾರಗಳಿಗೆ ದೊಡ್ಡವು. ಇಷ್ಟು ಅಂದದ ವಸ್ತು ಬಡಮಕ್ಕಳ ಕಾತರದಿಂದ ಹುಟ್ಟಿತೆಂಬುದನ್ನು ಬತ್ತಿ ಹಚ್ಚುವ ಮೊದಲು ಸಭೆಗೆ ಒಮ್ಮೆಯಾದರೂ ಹೇಳಬೇಕು.

ನಮ್ಮಲ್ಲಿ ಬತ್ತಿ ಹಚ್ಚುವವರನ್ನು ಪಟ್ಟಿಮಾಡಿ ಆರಿಸುತ್ತೇವೆ. ಒಂದು ಭಾನುವಾರ ಒಂಟಿಯಾಗಿ ಬಾಳುವವರು, ಇನ್ನೊಂದು ಭಾನುವಾರ ಹೊಸದಾಗಿ ಸಭೆಗೆ ಬಂದ ಕುಟುಂಬ. ಒಮ್ಮೆ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಪ್ರವಾದಿ ಯೆಶಾಯನ ಪಾಠ ಓದಲು ಬಂದ. ಪೀಠದ ಹಿಂದೆ ಅವನ ಹಣೆ ಮಾತ್ರ ಕಾಣುತ್ತಿತ್ತು. ಒಂದು ಉದ್ದದ ಪದದ ಮುಂದೆ ನಿಂತುಬಿಟ್ಟ, ಬೆರಳು ಆ ಪದದ ಮೇಲೆಯೇ ಇತ್ತು. ಮುಂದಿನ ಸಾಲಿನಲ್ಲಿದ್ದ ತಾಯಿ ಬಾಯಿ ತೆರೆದರೂ ಹೇಳಿಕೊಡಲಿಲ್ಲ. ಸಭೆಯಲ್ಲಿ ಯಾರೂ ಕೆಮ್ಮಲೂ ಇಲ್ಲ. ಅವನು ಅಕ್ಷರ ಕೂಡಿಸಿ ಕೂಡಿಸಿ ಆ ಪದವನ್ನು ದಾಟಿದ ಮೇಲೆಯೇ ಅವನ ಅಕ್ಕ ಕಡ್ಡಿ ಗೀರಿದಳು. ಆಗಮನಕಾಲದ ತಾಳ್ಮೆಯ ಬಗ್ಗೆ ನಾನು ಕೇಳಿದ ಒಳ್ಳೆಯ ಪ್ರಸಂಗಗಳಲ್ಲಿ ಅದೂ ಒಂದು.

ಮಕ್ಕಳ ಮಾತು ಬಂದದ್ದರಿಂದ ಇನ್ನೊಂದು ವಿಷಯ. ನಾವು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಂದೆತಾಯಿಯರು ಮಗುವನ್ನು ಎತ್ತಿ ತರುತ್ತಾರೆ, ಸಭೆ ಪ್ರಾರ್ಥಿಸಿ ಆ ಮಗುವನ್ನು ದೇವರಿಗೆ ಸಮರ್ಪಿಸುತ್ತದೆ. ನಂಬುವ ತೀರ್ಮಾನ ಮಾತ್ರ ಮುಂದೆ ಆ ಮಗುವಿನದೇ. ಹಾಗಾದರೆ ಮಕ್ಕಳಿಗೆ ಸಭೆಯಲ್ಲಿ ಜಾಗವೆಲ್ಲಿ ಎಂದು ಹೊರಗಿನವರು ಕೇಳುವುದುಂಟು. ಡಿಸೆಂಬರಿನ ನಾಟಕವನ್ನು ಬಂದು ನೋಡಿ ಎನ್ನುತ್ತೇನೆ. ಗೋದಲಿಯ ಸುತ್ತ ಕುರುಬರಾಗಿ, ದೇವದೂತರಾಗಿ ನಿಲ್ಲುವವರು ಅವರೇ. ದೇವರು ಕೂಸಾಗಿ ಬಂದನೆಂದು ಸಾರುವ ಕೆಲಸವನ್ನು ಇನ್ನೂ ಮತ ಹಾಕಲಾರದ ಈ ಸಣ್ಣವರ ಕೈಗೆ ನಾವು ಪೂರ್ತಿಯಾಗಿ ಒಪ್ಪಿಸುತ್ತೇವೆ.

ಇನ್ನು ಹಾಡು. ಬ್ಯಾಪ್ಟಿಸ್ಟರ ಕ್ರಿಸ್‌ಮಸ್ಸನ್ನು ಹಾಡಿಲ್ಲದೆ ಊಹಿಸಿಕೊಳ್ಳುವುದು ಇಂದು ಕಷ್ಟ. ಆದರೆ ಸಭೆಯೆಲ್ಲ ಸೇರಿ ಹಾಡುವುದೇ ಒಂದು ಕಾಲದಲ್ಲಿ ದೊಡ್ಡ ಜಗಳವಾಗಿತ್ತು. 1670ರ ದಶಕದಲ್ಲಿ ಲಂಡನ್ನಿನ ಸಭಾಪಾಲಕ ಬೆಂಜಮಿನ್ ಕೀಚ್ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಕೊನೆಗೆ ಒಂದು ಸ್ತುತಿಗೀತೆ ಹಾಡಿಸಲು ತೊಡಗಿದರು. ಮನುಷ್ಯರು ರಚಿಸಿದ ಹಾಡು ಆರಾಧನೆಗೆ ಸಲ್ಲದು ಎನ್ನುವವರೂ ಸಭೆಯಲ್ಲಿದ್ದರು. ಹಾಡನ್ನು ಕೊನೆಗೆ ಇಟ್ಟುದರಿಂದ ಅವರು ಅದಕ್ಕೆ ಮುಂಚೆ ಎದ್ದು ಹೋಗಬಹುದಾಗಿತ್ತು. ವರ್ಷಗಳ ನಂತರ ಪ್ರತಿ ವಾರವೂ ಹಾಡಬೇಕೆಂದು ನಿಶ್ಚಯವಾದಾಗ ಒಂದು ಗುಂಪು ಸಭೆಯನ್ನೇ ಬಿಟ್ಟು ಹೋಯಿತು. ಇಷ್ಟು ನೋವು ತಿಂದು ಉಳಿದು ಬಂದ ಹಾಡು ಇದು. ನಾಲ್ಕು ಗೋಡೆಯ ಒಳಗೆ ಇಟ್ಟುಕೊಳ್ಳುವುದಕ್ಕಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕ್ಯಾರಲ್ ತಂಡ ಮೊದಲು ಹೋಗಬೇಕಾದದ್ದು ಹಾಸಿಗೆ ಹಿಡಿದವರ ಮನೆಗೆ. ನಮ್ಮ ಗಾಯಕವೃಂದದಲ್ಲಿ ಬಹಳ ಕಾಲ ಹಾಡಿದ್ದ ಹಿರಿಯ ತಾಯಿಯೊಬ್ಬರು ನೆನಪು ಕಳೆದುಕೊಂಡು ಮನೆಯಲ್ಲೇ ಉಳಿದಿದ್ದರು. ಬಂದವರ ಹೆಸರು ಗೊತ್ತಾಗುತ್ತಿರಲಿಲ್ಲ, ಮಗಳ ಗುರುತೂ ಆಗಾಗ ತಪ್ಪುತ್ತಿತ್ತು. ಕೋಣೆ ಚಿಕ್ಕದು, ಅರ್ಧ ತಂಡ ಬಾಗಿಲ ಹೊರಗೇ ನಿಂತು ಮೆಲ್ಲಗೆ ಹಾಡತೊಡಗಿತು. ಎರಡನೆಯ ಚರಣದಲ್ಲಿ ಹಾಸಿಗೆಯ ಕಡೆಯಿಂದ ಒಂದು ದನಿ ಬಂತು. ಎಲ್ಲರೂ ಹಾಡುವ ಧಾಟಿಯನ್ನು ಅವರು ಹಾಡಲಿಲ್ಲ. ಅದರ ಕೆಳಗಿನ ಆಲ್ಟೊ ಸ್ವರಗಳನ್ನು, ಗಾಯಕವೃಂದದಲ್ಲಿ ತಮ್ಮ ಪಾಲಿಗೆ ಬಂದಿದ್ದ ಸ್ವರಗಳನ್ನು, ಒಂದೂ ತಪ್ಪದೆ ಹಾಡಿದರು. ಹಾಡು ಮುಗಿದ ಮೇಲೆ ಸಭಾಪಾಲಕರು ಪುಟ್ಟ ಪೆಟ್ಟಿಗೆ ತೆರೆದು ಅಲ್ಲಿಯೇ ರೊಟ್ಟಿಯನ್ನೂ ಪಾತ್ರೆಯನ್ನೂ ಇಟ್ಟರು. ಕರ್ತನ ಭೋಜನವನ್ನು ನಾವೆಲ್ಲ ಆ ಮಂಚದ ಸುತ್ತ ನಿಂತು ತೆಗೆದುಕೊಂಡೆವು. ಅಂದಿನ ಸಭೆ ನೆರೆದದ್ದು ಅಲ್ಲಿಯೇ. ಮನೆಭೇಟಿಯ ಪಟ್ಟಿಗೆ ಹೆಸರು ಕೊಡಲು ಹಿಂದೆಮುಂದೆ ನೋಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಕಾಣಿಕೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಲಾಟಿ ಮೂನ್ 1873ರಲ್ಲಿ ಚೀನಾಕ್ಕೆ ಹೋದವರು. ಕ್ರಿಸ್‌ಮಸ್‌ಗೆ ಮುಂಚಿನ ವಾರವನ್ನು ಪ್ರಾರ್ಥನೆಗೂ ಕಾಣಿಕೆಗೂ ಮೀಸಲಿಡಿ ಎಂದು 1887ರಲ್ಲಿ ತಮ್ಮ ದೇಶದ ಸಭೆಗಳಿಗೆ ಬರೆದರು. ಮರುವರ್ಷ ಅಲ್ಲಿನ ಮಹಿಳೆಯರು 2,000 ಡಾಲರಿನ ಗುರಿ ಇಟ್ಟುಕೊಂಡರು, ಕೂಡಿದ್ದು 3,300ಕ್ಕೂ ಹೆಚ್ಚು. ಲಾಟಿ ಮೂನ್ ತೀರಿಕೊಂಡದ್ದು 1912ರ ಡಿಸೆಂಬರ್ 24ರಂದು, ತಾಯ್ನಾಡಿಗೆ ಮರಳುವ ದಾರಿಯಲ್ಲಿ, ಜಪಾನಿನ ಕೋಬೆ ಬಂದರಿನಲ್ಲಿ ನಿಂತಿದ್ದ ಹಡಗಿನೊಳಗೆ. ಕಾಣಿಕೆಯ ಲಕೋಟೆಗೆ ಹಣ ಹಾಕುವವರಿಗೆ, ಅದು ಯಾರ ಕೈ ಸೇರುತ್ತದೆ, ಅವರು ಹೇಗೆ ಬದುಕುತ್ತಿದ್ದಾರೆ ಎಂಬುದು ತಿಳಿದಿರಬೇಕು. ಸೇವಾಸ್ಥಳದಿಂದ ಬಂದ ಪತ್ರವನ್ನು ಆರಾಧನೆಯಲ್ಲೇ ಓದಿಸುವ ಪದ್ಧತಿ ನನಗೆ ಬಹಳ ಹಿಡಿಸುತ್ತದೆ.

ಇನ್ನೊಬ್ಬರ ಹೆಸರು ಡಿಸೆಂಬರಿನಲ್ಲಿ ನಮ್ಮ ಸಭೆಗಳಲ್ಲಿ ಕೇಳಬೇಕು, ಆದರೆ ಸಾಕಷ್ಟು ಕೇಳುವುದಿಲ್ಲ. ಸ್ಯಾಮ್ ಶಾರ್ಪ್, ಜಮೈಕಾದಲ್ಲಿ ಗುಲಾಮನಾಗಿದ್ದವನು, ಬ್ಯಾಪ್ಟಿಸ್ಟ್ ಸಭೆಯ ಡೀಕನ್, ಅಂದರೆ ಸಭೆಯ ಸೇವೆಗೆ ನೇಮಕಗೊಂಡವನು. ಒಬ್ಬನೇ ವ್ಯಕ್ತಿ ಇಬ್ಬರು ಯಜಮಾನರಿಗೆ ಸೇವೆ ಮಾಡಲಾರನೆಂದು ಬೈಬಲಿನಲ್ಲಿ ಓದಿದವನು ಅವನು. 1831ರ ಕ್ರಿಸ್‌ಮಸ್ ರಜೆ ಮುಗಿದ ಮೇಲೆ, ಕೂಲಿ ಕೊಡದ ಹೊರತು ಯಾರೂ ಕಬ್ಬಿನ ತೋಟಕ್ಕೆ ಇಳಿಯಬಾರದು ಎಂದು ಪ್ರಾರ್ಥನಾ ಕೂಟಗಳಲ್ಲಿ ಜನರನ್ನು ಒಗ್ಗೂಡಿಸಿದ. ಶಾಂತವಾಗಿ ನಡೆಯಬೇಕೆಂದಿದ್ದ ಮುಷ್ಕರ ದಂಗೆಯಾಯಿತು, ತೋಟಗಳಿಗೆ ಬೆಂಕಿ ಬಿತ್ತು, ನೂರಾರು ಗುಲಾಮರ ಪ್ರಾಣ ಹೋಯಿತು. 1832ರ ಮೇ 23ರಂದು ಶಾರ್ಪ್‌ನನ್ನು ಗಲ್ಲಿಗೇರಿಸಿದರು. ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದತಿಯ ಕಾಯಿದೆಯನ್ನು ಮರುವರ್ಷವೇ ಅಂಗೀಕರಿಸಿತು. ಇಂದು ಅವನು ಜಮೈಕಾದ ರಾಷ್ಟ್ರವೀರ. ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿ ದೀನರನ್ನು ಎತ್ತುವ ದೇವರನ್ನು ಯೇಸುವಿನ ತಾಯಿ ಮರಿಯಳು ಕೊಂಡಾಡಿದ ಭಾಗವನ್ನು ಪ್ರತಿ ಆಗಮನಕಾಲದಲ್ಲಿ ಲೂಕನ ಸುವಾರ್ತೆಯಿಂದ ಓದುತ್ತೇವಲ್ಲ, ಆ ಮಾತನ್ನು ನಂಬಿ ಹೆಜ್ಜೆ ಇಟ್ಟವರಲ್ಲಿ ಒಬ್ಬ ಡೀಕನ್ ಇದ್ದನೆಂದು ನಮ್ಮ ಯುವಕರಿಗೆ ಗೊತ್ತಿರಬೇಕು.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ. ಎಲ್ಲರಿಗೂ ಡಿಸೆಂಬರ್ ಸಂತೋಷ ತರುವುದಿಲ್ಲ. ಆ ವರ್ಷ ಗಂಡನನ್ನು ಮಣ್ಣು ಮಾಡಿದವಳು, ಮಗು ಉಳಿಯದ ದಂಪತಿ, ಕೆಲಸ ಹೋದದ್ದನ್ನು ಯಾರಿಗೂ ಹೇಳದವನು, ಇವರೆಲ್ಲ ಅದೇ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಸುತ್ತಲಿನ ಹಾಡು ಜೋರಾದಷ್ಟೂ ಅವರಿಗೆ ಅಲ್ಲಿಂದ ಎದ್ದು ಹೋಗಬೇಕೆನಿಸುತ್ತದೆ. ಅವರಿಗಾಗಿಯೇ ಹಲವು ಸಭೆಗಳು ಡಿಸೆಂಬರ್ 21ರ ಆಸುಪಾಸಿನಲ್ಲಿ, ವರ್ಷದ ಅತಿ ದೀರ್ಘ ರಾತ್ರಿಯ ಹೊತ್ತಿಗೆ, ಒಂದು ಪ್ರತ್ಯೇಕ ಆರಾಧನೆ ಇಟ್ಟುಕೊಳ್ಳುತ್ತವೆ. ಅಲ್ಲಿ ಅಬ್ಬರದ ವಾದ್ಯವಿಲ್ಲ. ಕೀರ್ತನೆಗಳ ಪುಸ್ತಕದ ಗೋಳಿನ ಕೀರ್ತನೆಗಳನ್ನು ಓದುತ್ತಾರೆ. ಬಂದವರು ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮವರ ಹೆಸರು ಹೇಳಿ ಬತ್ತಿ ಹಚ್ಚಬಹುದು, ಏನೂ ಹೇಳದೆಯೂ ಹಚ್ಚಬಹುದು. ಸಮಾಧಾನದ ಮಾತನ್ನು ಯಾರೂ ಆತುರದಿಂದ ಆಡುವುದಿಲ್ಲ.

ಇದು ಹಬ್ಬದ ಕಳೆಗೆ ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಮತ್ತಾಯನ ಸುವಾರ್ತೆಯ ಕ್ರಿಸ್‌ಮಸ್ ಕಥೆಯೊಳಗೇ ಮಕ್ಕಳನ್ನು ಕಳೆದುಕೊಂಡ ಬೆತ್ಲೆಹೇಮಿನ ತಾಯಂದಿರ ಅಳು ಇದೆ, ರಾತ್ರೋರಾತ್ರಿ ದೇಶ ಬಿಟ್ಟು ಓಡಿದ ಒಂದು ಕುಟುಂಬವಿದೆ. ಆ ಪುಟಗಳನ್ನು ನಾಟಕದಿಂದ ಬಿಟ್ಟುಬಿಡುತ್ತೇವೆ, ಅದು ಸರಿಯೇ, ಮಕ್ಕಳ ನಾಟಕ ಅದು. ಸಭೆಯ ಬದುಕಿನಿಂದ ಮಾತ್ರ ಬಿಡಬಾರದು. ಆ ಆರಾಧನೆಗೆ ಬರುವವರು ಕಡಿಮೆ. ಆದರೂ ದುಃಖದಲ್ಲಿರುವವರ ಪಕ್ಕ ಕುಳಿತುಕೊಳ್ಳಲೆಂದೇ, ತಮಗೆ ಯಾವ ಅಳಲೂ ಇಲ್ಲದ ಕೆಲವರು ಬರುತ್ತಾರೆ. ನಾವು ಬ್ಯಾಪ್ಟಿಸ್ಟರು ಸಭೆಯನ್ನು ಒಬ್ಬರಿಗೊಬ್ಬರು ಮಾಡಿಕೊಂಡ ಒಡಂಬಡಿಕೆ ಎನ್ನುತ್ತೇವೆ. ಆ ಒಡಂಬಡಿಕೆಯ ತೂಕ ನನಗೆ ತಿಳಿದದ್ದು ಅವರನ್ನು ನೋಡಿ.

ಕ್ರಿಸ್‌ಮಸ್ ದಿನದ ಆರಾಧನೆ ನಮ್ಮಲ್ಲಿ ಚಿಕ್ಕದು. ಬಿಳಿಯ ಬತ್ತಿ, ಲೂಕನ ಪಾಠ, ಒಂದು ಪುಟ್ಟ ಪ್ರಸಂಗ, ಎಲ್ಲರೂ ಬಲ್ಲ ಹಾಡುಗಳು. ಆ ವಾರದಲ್ಲೇ ದೀಕ್ಷಾಸ್ನಾನ ಇಟ್ಟುಕೊಂಡ ಉದಾಹರಣೆಗಳು ನಮ್ಮ ಚರಿತ್ರೆಯಲ್ಲಿವೆ. ಬಂಗಾಳದ ಸೇರಾಂಪುರದಲ್ಲಿ ಮಿಷನರಿ ವಿಲಿಯಂ ಕೇರಿ ಅಲ್ಲಿನ ಬಡಗಿ ಕೃಷ್ಣ ಪಾಲನಿಗೆ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರ್ 28ರಂದು, ಕ್ರಿಸ್‌ಮಸ್ ಕಳೆದು ಬಂದ ಮೊದಲ ಭಾನುವಾರ. ಅದೇ ದಿನ ಕೇರಿಯವರ ಮಗ ಫೆಲಿಕ್ಸನೂ ಅದೇ ನೀರಿಗೆ ಇಳಿದ. ಕೃಷ್ಣ ಪಾಲ ಮುಂದೆ ಸುವಾರ್ತೆ ಸಾರುವವನೂ ಹಾಡು ಕಟ್ಟುವವನೂ ಆದ.

ಜನವರಿಯಲ್ಲಿ ಮತ್ತೆ ಸಭಾಕೂಟ. ಖಜಾಂಚಿಯವರು ಕಾಣಿಕೆಯ ಲೆಕ್ಕ ಓದುತ್ತಾರೆ. ಹಸಿರು ಚಕ್ರ ಕಪಾಟಿಗೆ ಹೋಗಿರುತ್ತದೆ, ಮಕ್ಕಳ ರೆಕ್ಕೆಗಳು ಪೆಟ್ಟಿಗೆಯಲ್ಲಿರುತ್ತವೆ. ಮನೆಭೇಟಿಯ ಪಟ್ಟಿಯನ್ನು ಮಾತ್ರ ಕಾರ್ಯದರ್ಶಿ ಹಲಗೆಯಿಂದ ಅಳಿಸುವುದಿಲ್ಲ. ಒಂದೊಂದು ಹೆಸರನ್ನೂ ಓದಿ, ಈ ತಿಂಗಳು ಇವರ ಮನೆಗೆ ಯಾರು ಹೋಗುತ್ತೀರಿ ಎಂದು ಕೇಳುತ್ತಾರೆ, ಮತ್ತು ಕೈ ಏಳುವವರೆಗೆ ಮುಂದಿನ ಹೆಸರಿಗೆ ಹೋಗುವುದಿಲ್ಲ.

ಕೇಳಿದ ನಿಮಗೆಲ್ಲ ವಂದನೆಗಳು.