ಕಸಕ್ಕೂ ದುಡ್ಡಾ? ಹೌದು, ಕಸಕ್ಕೂ ದುಡ್ಡೇ!

ಎಲ್ಲರಿಗೂ ನಮಸ್ಕಾರ. ಕಳೆದ ವಾರದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಮನೆ ತೆರಿಗೆ ಕಟ್ಟುತ್ತೇವೆ. ಮತ್ತೆ ಕಸಕ್ಕೆ ಬೇರೆ ಸೆಸ್ ಯಾಕೆ? ಹಗಲು ದರೋಡೆ!" ಅದಕ್ಕೆ ಎಷ್ಟೊಂದು ಲೈಕ್! ಓದಿ ನನಗೆ ಮೈ ಉರಿಯಿತು. ಇವತ್ತಿನ ವಿಷಯ ಬದಿಗಿಟ್ಟು ಇದಕ್ಕೇ ಕೂತಿದ್ದೇನೆ.

ನನ್ನ ಮಾತು ಒಂದೇ. ನಮ್ಮ ಕಸಕ್ಕೆ ನಾವು ದುಡ್ಡು ಕೊಡಬೇಕು. ನಾವು ಕೊಡದಿದ್ದರೆ ಬೇರೆ ಯಾರೋ ಕೊಡುತ್ತಾರೆ.

ಯಾರು ಅಂತ ಕೇಳ್ತೀರಾ? ನಮ್ಮ ಮಂಗಳೂರಿನ ಮಂದಾರದವರು. 2019ರ ಆಗಸ್ಟ್ ನೆನಪುಂಟಾ? ಜೋರು ಮಳೆಗೆ ಪಚ್ಚನಾಡಿ ಡಂಪಿಂಗ್ ಯಾರ್ಡಿನ ಕಸದ ಗುಡ್ಡ ಜಾರಿತು. ಕೆಳಗಿದ್ದ ಮಂದಾರದ ತೆಂಗು, ಅಡಿಕೆ ತೋಟಗಳ ಮೇಲೆ ಹರಿದು ಬಂತು. ತಲೆಮಾರುಗಳಿಂದ ಅಲ್ಲಿದ್ದ ಕುಟುಂಬಗಳು ಮನೆ ಬಿಟ್ಟು ಹೊರಟವು. ಅದು ಯಾರ ಕಸ ಮಾರಾಯ್ರೆ? ಕದ್ರಿಯದು, ಬಿಜೈಯದು, ಉರ್ವದ್ದು, ಕಂಕನಾಡಿಯದು. ನಮ್ಮದು! ನಾವು ಒಂದೇ ಚೀಲಕ್ಕೆ ತುಂಬಿ ಕಟ್ಟಿದ ಮೀನಿನ ತಲೆ, ಡೈಪರ್, ಹಾಲಿನ ಪ್ಯಾಕೆಟ್. ಅದರ ಬೆಲೆಯನ್ನು ಅವರು ತೋಟದಲ್ಲಿ ಕಟ್ಟಿದರು. 2023ರ ಜನವರಿಯಲ್ಲಿ ಅದೇ ಯಾರ್ಡಿಗೆ ಬೆಂಕಿ ಬಿತ್ತು. ಆಗ ಹೊಗೆ ಕುಡಿದದ್ದೂ ಸುತ್ತಲಿನ ಜನರೇ.

"ತೆರಿಗೆಯಲ್ಲೇ ಮಾಡಲಿ" ಅನ್ನುತ್ತಾರೆ. ಮನೆ ಮನೆಗೆ ಗಾಡಿ ಬರಬೇಕು. ಡ್ರೈವರ್ ಬೇಕು, ಡೀಸೆಲ್ ಬೇಕು, ಕೈ ಹಾಕಿ ಬೇರ್ಪಡಿಸುವ ಜನ ಬೇಕು. ಇದು ದಿನವೂ ಆಗುವ ಖರ್ಚು. ಕಸ ಮಾಡುವವರೇ ಶುಲ್ಕ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಬೇರೆ ಮಾಡಬೇಕು ಅಂತಲೂ ಇತ್ತು. ಅದನ್ನು ಓದಿದವರು ಎಷ್ಟು ಜನ?

ಕುಂದಾಪುರದ ಹತ್ತಿರ ವಂಡ್ಸೆ ಅಂತ ಒಂದು ಊರು ಉಂಟು. ಅಲ್ಲಿನ ಗ್ರಾಮ ಪಂಚಾಯತ್ ನಡೆಸುವ ಎಸ್‌ಎಲ್‌ಆರ್‌ಎಂ ಘಟಕ, ಅಂದರೆ ಕಸ ಬೇರ್ಪಡಿಸಿ ಗೊಬ್ಬರಕ್ಕೆ, ಮರುಬಳಕೆಗೆ ಕಳಿಸುವ ಜಾಗ, ಅದನ್ನು ನೋಡಲು ಬೇರೆ ಬೇರೆ ಊರಿನವರು ಹೋಗುತ್ತಾರೆ. ಮನೆಯವರು, ಅಂಗಡಿಯವರು ತಿಂಗಳು ತಿಂಗಳು ಶುಲ್ಕ ಕೊಡುತ್ತಾರೆ. ಹಳ್ಳಿಯವರು ಕೊಡುತ್ತಾರೆ, ಲಿಫ್ಟ್ ಇರುವ ಫ್ಲ್ಯಾಟಿನವರಿಗೆ ಆಗುವುದಿಲ್ಲವಾ?

ಹಾಂ, ಇದೇ ಹೊತ್ತಿಗೆ ಹೇಳಿಬಿಡುತ್ತೇನೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಮಾಡಿ. ನಿಮ್ಮ ಫ್ಲ್ಯಾಟಿನ ವಾಟ್ಸ್ಆ್ಯಪ್ ಗ್ರೂಪಿಗೆ ಈ ವಿಡಿಯೊ ಹಾಕಿ. ಜಗಳ ಆದರೂ ಆಗಲಿ, ಆ ಜಗಳ ಬೇಕಾಗಿದೆ.

"ಗಾಡಿ ಸರಿಯಾಗಿ ಬರುವುದಿಲ್ಲ, ಮತ್ತೆ ದುಡ್ಡು ಯಾಕೆ?" ಬರುವುದಿಲ್ಲವಾದರೆ ಕೇಳಿ! ರಸೀದಿ ಹಿಡಿದುಕೊಂಡು ಹೋಗಿ ಕೇಳಿ. ಸುಮ್ನೆ ಚೀಲವನ್ನು ಕಟ್ಟಿ, ಸ್ಕೂಟರಿನಲ್ಲಿಟ್ಟು, ಕತ್ತಲಾದ ಮೇಲೆ ಸೇತುವೆಯಿಂದ ನೇತ್ರಾವತಿಗೆ ಎಸೆಯುವುದು ಉತ್ತರವಲ್ಲ. ಅದೇ ನದಿಯ ನೀರು ತುಂಬೆ ಅಣೆಕಟ್ಟಿನಿಂದ ನಮ್ಮ ನಲ್ಲಿಗೆ ಬರುತ್ತದೆ, ಅಲ್ವಾ?

ಮದುವೆಗೆ ಹಾಲ್ ಬುಕ್ ಮಾಡುವಾಗ ಲಕ್ಷ ಲಕ್ಷ ಕೊಡುತ್ತೇವೆ. ಮರುದಿನ ಆ ಎಂಜಲು ಎಲೆ ಎತ್ತುವವರಿಗೆ ಕೊಡುವಾಗ ಮಾತ್ರ ಕಿಸೆಗೆ ಕೈ ಹೋಗುವುದಿಲ್ಲ. ಇದು ನನಗೆ ತಡೆಯಲು ಆಗುವುದಿಲ್ಲ. ಕೊಡಿ! ನಿಮ್ಮ ಕಸ, ನಿಮ್ಮ ದುಡ್ಡು. ಅಷ್ಟೇ. ಇದರಲ್ಲಿ ಚರ್ಚೆ ಮಾಡಲು ಎಂತದೂ ಇಲ್ಲ.

ಈಗ ಒಂದು ಕೆಲಸ ಮಾಡಿ. ವರ್ಷಕ್ಕೆ ನಿಮ್ಮ ಮನೆಗೆ ಬರುವ ಕಸದ ಸೆಸ್ ಎಷ್ಟು, ಮನೆಯವರೆಲ್ಲರ ಮೊಬೈಲ್ ರೀಚಾರ್ಜ್ ಎಷ್ಟು, ಎರಡನ್ನೂ ಕಾಮೆಂಟಿನಲ್ಲಿ ಬರೆಯಿರಿ. ಸೆಸ್ಸೇ ಜಾಸ್ತಿ ಅನ್ನುವವರು ರಸೀದಿಯ ಫೋಟೊ ಕಳಿಸಿ. ಮುಂದಿನ ಭಾನುವಾರ ಅದನ್ನೇ ಇಟ್ಟುಕೊಂಡು ಮಾತಾಡೋಣ.