ಒಂದು ಕ್ಲಿಕ್ಕಿಗೆ 8 ರೂಪಾಯಿ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಮೊದಲು ನೆಂಟರಿಷ್ಟರಿಗೆ ಕೊಡುತ್ತಿದ್ದರು. ಆಮೇಲೆ ಬೆಂಗಳೂರಿನ ಪರಿಚಯದವರು ಕೇಳತೊಡಗಿದರು. ಎರಡು ವರ್ಷದ ಹಿಂದೆ ಸಣ್ಣದೊಂದು ವೆಬ್‌ಸೈಟ್ ಮಾಡಿಸಿದೆವು. ಅಂಗಡಿಯೇನೋ ತೆರೆದಾಯಿತು, ಆದರೆ ಆ ದಾರಿಯಲ್ಲಿ ಓಡಾಡುವವರೇ ಇಲ್ಲ. ಆಗ ಗೂಗಲ್‌ನಲ್ಲಿ ಜಾಹೀರಾತು ಹಾಕೋಣ ಎಂದು ನಾನೇ ಹೇಳಿದೆ. ಜನ ಸುಮ್ನೆ ನೋಡಿದರೆ ದುಡ್ಡಿಲ್ಲ, ಒತ್ತಿ ಒಳಗೆ ಬಂದರೆ ಮಾತ್ರ ದುಡ್ಡು. ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ?

ದಿನಕ್ಕೆ 200 ರೂಪಾಯಿ ಇಟ್ಟೆವು. ಹತ್ತು ದಿನಕ್ಕೆ 2000. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 2360. ಸುಮಾರು 250 ಸಲ ಜನ ಒಳಗೆ ಬಂದರು. ಕೊಂಡವರು ನಾಲ್ಕೇ ಮಂದಿ. ಅರ್ಧ ಕೆಜಿ ಬಾಟಲಿಗೆ 450 ರೂಪಾಯಿ. ಮಿಡಿ, ಮಸಾಲೆ, ಬಾಟಲಿ, ಕೊರಿಯರ್ ಎಲ್ಲ ಕಳೆದರೆ ಕೈಗೆ ಉಳಿಯುವುದು 150. ಆದರೆ ಒಂದೊಂದು ಬಾಟಲಿ ಮಾರುವುದಕ್ಕೆ ಜಾಹೀರಾತಿಗೇ 590 ಹೋಗಿತ್ತು. ಅತ್ತಿಗೆ ಏನೂ ಅನ್ನಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು ಒಳಗೆ ಹೋದರು. ಅವತ್ತು ನನಗೆ ಊಟ ಸೇರಲಿಲ್ಲ.

ರಾತ್ರಿ ಕೂತು ಒಂದು ಪಟ್ಟಿ ತೆಗೆದೆ. ಅದಕ್ಕೆ ಸರ್ಚ್ ಟರ್ಮ್ಸ್ ಅನ್ನುತ್ತಾರೆ. ಜನ ಏನು ಟೈಪ್ ಮಾಡಿದಾಗ ನಮ್ಮ ಜಾಹೀರಾತು ಕಾಣಿಸಿತು, ಯಾವುದಕ್ಕೆ ಒತ್ತಿದರು ಎಂಬುದು ಅದರಲ್ಲಿ ಇರುತ್ತದೆ. ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಿಸಬೇಕು ಎಂದು ನಾವು ಕೊಡುವ ಪದಕ್ಕೆ ಕೀವರ್ಡ್ ಅನ್ನುತ್ತಾರೆ. ನಾವು ಕೊಟ್ಟಿದ್ದ ಕೀವರ್ಡ್ 'ಮಾವಿನಕಾಯಿ ಉಪ್ಪಿನಕಾಯಿ'. ಪಟ್ಟಿಯಲ್ಲಿ ಇದ್ದದ್ದು ಹೀಗೆ: 'ಮಾವಿನಕಾಯಿ ಉಪ್ಪಿನಕಾಯಿ ಮಾಡುವ ವಿಧಾನ'. 'ಉಪ್ಪಿನಕಾಯಿ ಬಾಟಲಿ ಹೋಲ್‌ಸೇಲ್'. 'ಉಪ್ಪಿನಕಾಯಿ ಪ್ಯಾಕಿಂಗ್ ಕೆಲಸ'. 'ಉಪ್ಪಿನಕಾಯಿ ತಿಂದರೆ ಬಿಪಿ ಜಾಸ್ತಿ ಆಗುತ್ತಾ'. ಪಾಪ, ಇವರಲ್ಲಿ ಯಾರಿಗೂ ಉಪ್ಪಿನಕಾಯಿ ಕೊಳ್ಳುವುದು ಬೇಕಿರಲಿಲ್ಲ. ಒಬ್ಬೊಬ್ಬರು ಬಂದು ಇಣುಕಿ ಹೋಗಿದ್ದಕ್ಕೂ ನಾವು 8 ರೂಪಾಯಿ ಕೊಟ್ಟಿದ್ದೆವು.

ತಪ್ಪು ನಮ್ಮದೇ. ಕೀವರ್ಡ್‌ನಲ್ಲಿ ಮೂರು ಬಗೆ ಇದೆ. ಬ್ರಾಡ್, ಫ್ರೇಸ್, ಎಕ್ಸಾಕ್ಟ್. ನೀವು ಏನೂ ಗುರುತು ಹಾಕದೆ ಬಿಟ್ಟರೆ ಅದು ಬ್ರಾಡ್. ಆ ಪದಕ್ಕೆ ದೂರದ ಸಂಬಂಧ ಇರುವ ಹುಡುಕಾಟಕ್ಕೂ ಜಾಹೀರಾತು ಹೋಗುತ್ತದೆ. ಸಣ್ಣ ಕೈಯ ವ್ಯಾಪಾರಕ್ಕೆ ಮೊದಲ ದಿನವೇ ಇದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 'ಅಪ್ಪೆಮಿಡಿ ಉಪ್ಪಿನಕಾಯಿ ಬೆಲೆ', 'ಮಿಡಿ ಉಪ್ಪಿನಕಾಯಿ ಆನ್‌ಲೈನ್'. ಇಂಥ ನಾಲ್ಕೈದು ಪದಗಳನ್ನು ಫ್ರೇಸ್ ಅಥವಾ ಎಕ್ಸಾಕ್ಟ್ ಮಾಡಿ ಶುರು ಮಾಡಿ. ಫ್ರೇಸ್ ಆದರೆ ಆ ಪದದ ಅರ್ಥ ಸೇರಿರುವ ಹುಡುಕಾಟಕ್ಕೆ, ಎಕ್ಸಾಕ್ಟ್ ಆದರೆ ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ ಕಾಣಿಸುತ್ತದೆ. ಹುಡುಕುವವರು ಕಡಿಮೆ, ಆದರೆ ಅವರು ಚೀಲ ಹಿಡಿದೇ ಬಂದವರು.

ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ಯಾರು ಬೇಡ ಎಂದು ಹೇಳುವುದು. ಅದಕ್ಕೆ ನೆಗೆಟಿವ್ ಕೀವರ್ಡ್ ಎಂದು ಹೆಸರು. 'ರೆಸಿಪಿ' ಬೇಡ ಎಂದು ಬರೆದರೆ ರೆಸಿಪಿ ಹುಡುಕುವವರಿಗೆ ಕಾಣಿಸುವುದಿಲ್ಲ. ಆದರೆ 'ಮಾಡುವ ವಿಧಾನ' ಎಂದು ಹುಡುಕುವವರಿಗೆ ಕಾಣಿಸುತ್ತದೆ! ಬೇಡದ ಪದಕ್ಕೆ ಅದೇ ಅರ್ಥದ ಬೇರೆ ಪದ ತಾನಾಗಿ ಸೇರುವುದಿಲ್ಲ. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡುತ್ತಾರೆ. ಹಾಗಾಗಿ ಒಂದೊಂದು ಪದವನ್ನೂ ಎರಡು ಮೂರು ರೀತಿಯಲ್ಲಿ ಬರೆದು ಸೇರಿಸಬೇಕು. ಅತ್ತಿಗೆ ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟರು. ಪ್ರತಿ ಸೋಮವಾರ ಪಟ್ಟಿ ನೋಡುವುದು, ಬೇಡದ್ದನ್ನು ಬರೆಯುವುದು.

ಕ್ಲಿಕ್ಕಿನ ಬೆಲೆ ಯಾರು ನಿಗದಿ ಮಾಡುತ್ತಾರೆ? ಶಿರಸಿ ಕಡೆಯವರಿಗೆ ಅಡಿಕೆ ಟೆಂಡರ್ ಗೊತ್ತು. ಒಂದು ರಾಶಿಗೆ ವ್ಯಾಪಾರಿಗಳು ದರ ಬರೆಯುತ್ತಾರೆ, ಹೆಚ್ಚು ಬರೆದವರಿಗೆ ಮಾಲು. 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಎಂಬ ಹುಡುಕಾಟದ ತಾಣ ಜಾಹೀರಾತಿನ ಜಾಗವನ್ನು ಹೀಗೆಯೇ ಮಾರಲು ಶುರು ಮಾಡಿತು. ಹೆಚ್ಚು ದುಡ್ಡು ಕೂಗಿದವರು ಮೇಲೆ. 2002ರಲ್ಲಿ ಗೂಗಲ್ ಇದಕ್ಕೆ ಇನ್ನೊಂದು ಅಳತೆ ಸೇರಿಸಿತು. ನಿಮ್ಮ ಜಾಹೀರಾತನ್ನು ಜನ ಎಷ್ಟು ಒತ್ತುತ್ತಾರೆ ಎಂಬುದು. ಈಗ ಹುಡುಕಿದ್ದಕ್ಕೂ ಜಾಹೀರಾತಿಗೂ ಹೊಂದಿಕೆ ಇದೆಯೇ, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎಂಬುದನ್ನೂ ನೋಡುತ್ತಾರೆ. ಹಾಗಾಗಿ 10 ರೂಪಾಯಿ ಕೂಗಿದವರು, 15 ಕೂಗಿದವರಿಗಿಂತ ಮೇಲೆ ಬರಬಹುದು. ಸಣ್ಣವರಿಗೆ ಇರುವ ದೊಡ್ಡ ಬಲ ಇದೇ. ಮೊದಲು ನಮ್ಮ ಜಾಹೀರಾತು ಒತ್ತಿದರೆ ಮುಖಪುಟ ತೆರೆಯುತ್ತಿತ್ತು, ಮನೆ ತೋಟದ ಫೋಟೋ. ಈಗ ನೇರವಾಗಿ ಬಾಟಲಿ, ಬೆಲೆ, ಕೊರಿಯರ್ ಖರ್ಚು, ಕೊಳ್ಳುವ ಬಟನ್.

ಶುರುವಿನಲ್ಲೇ ನೋಡಬೇಕಾದ ಎರಡು ಸೆಟ್ಟಿಂಗ್ ಇವೆ. ಊರಿನ ಆಯ್ಕೆಯಲ್ಲಿ 'ಆ ಊರಿನಲ್ಲಿ ಇರುವವರು' ಮಾತ್ರ ಎಂದು ಮಾಡಿ, ಇಲ್ಲದಿದ್ದರೆ ಆ ಊರಿನ ಬಗ್ಗೆ ಆಸಕ್ತಿ ಇರುವವರೂ ಸೇರುತ್ತಾರೆ. ಇನ್ನೊಂದು ದಿನದ ಮಿತಿ. ದಿನಕ್ಕೆ 200 ಇಟ್ಟರೆ ಒಂದೊಂದು ದಿನ 400ರವರೆಗೂ ಹೋಗಬಹುದು. ತಿಂಗಳ ಲೆಕ್ಕದಲ್ಲಿ ಮಿತಿ ದಾಟುವುದಿಲ್ಲ, ಗಾಬರಿ ಬೇಡ.

ಕೊನೆಗೆ ಲೆಕ್ಕ. ಬಾಟಲಿಗೆ ಲಾಭ 150. ನೂರು ಕ್ಲಿಕ್ಕಿಗೆ ಐದು ಜನ ಕೊಂಡರೆ 750. ಅಂದರೆ ಜಿಎಸ್‌ಟಿ ಸೇರಿ ಕ್ಲಿಕ್ಕಿಗೆ ಏಳೂವರೆ ದಾಟಿದರೆ ನಷ್ಟ. ಈ ಒಂದು ಸಂಖ್ಯೆ ಗೊತ್ತಿಲ್ಲದೆ ಜಾಹೀರಾತಿಗೆ ಕೈ ಹಾಕಬೇಡಿ. ನಮ್ಮಲ್ಲಿ ಈಗ ನೂರಕ್ಕೆ ಎಂಟು ಜನ ಕೊಳ್ಳುತ್ತಾರೆ. ಎಲ್ಲ ಕಳೆದು ಬಾಟಲಿಗೆ ಮೂವತ್ತು ರೂಪಾಯಿ ಉಳಿಯುತ್ತದೆ. ಕಡಿಮೆಯೇ. ಆದರೆ ಒಮ್ಮೆ ರುಚಿ ಕಂಡವರು ಎರಡನೇ ಸಲ ವಾಟ್ಸಾಪ್‌ನಲ್ಲೇ ಕೇಳುತ್ತಾರೆ, ಅದಕ್ಕೆ ಕ್ಲಿಕ್ಕಿನ ಖರ್ಚಿಲ್ಲ.

ಈ ವರ್ಷ ಮಿಡಿ ಕಡಿಮೆ. ಮೊನ್ನೆ ಕೊನೆಯ ಭರಣಿಯೂ ಖಾಲಿಯಾಯಿತು. ಬೆಳಿಗ್ಗೆ ಏಳಕ್ಕೇ ಅತ್ತಿಗೆಯ ಫೋನ್. "ತಮಾ, ಮೊದಲು ಜಾಹೀರಾತು ನಿಲ್ಸು. ಕೊಡಲೆ ಎಂತೂ ಇಲ್ಲೆ."

ನಿಲ್ಲಿಸಿದೆ. ನಮಸ್ಕಾರ.