ಬೆಕ್ಕಿನ ಕಿವಿ ಬಿಸಿ ಇದ್ರೆ ಜ್ವರನಾ?

[ದೃಶ್ಯ: ಬಚ್ಚಲು ಮನೆ ಒಲೆ ಪಕ್ಕ ಮಲಗಿರೋ ಬೆಕ್ಕು. ಕಿವಿ ಕ್ಲೋಸಪ್]

ನಮಸ್ಕಾರ. ಸಕಲೇಶಪುರ, ಮೂಡಿಗೆರೆ ಕಡೆ ಡಿಸೆಂಬರ್ ಬೆಳಿಗ್ಗೆ ಬೆಕ್ಕಿನ ಕಿವಿ ಮುಟ್ಟಿ, ತಣ್ಣಗಿರುತ್ತೆ. ಅದೇ ಬೆಕ್ಕು ಹಂಡೆ ಒಲೆ ಹತ್ರ ಅರ್ಧ ಗಂಟೆ ಮಲಗೆದ್ದು ಬಂದ್ರೆ ಕಿವಿ ಸುಡುತ್ತೆ. ಮೈಯೊಳಗಿನ ಶಾಖ ಮಾತ್ರ ಎರಡು ಹೊತ್ತೂ ಹೆಚ್ಚುಕಮ್ಮಿ ಅಷ್ಟೇ.

ಕಿವಿ ಚರ್ಮ ತೆಳು, ಕೂದಲು ಕಮ್ಮಿ, ರಕ್ತನಾಳಗಳು ಮೇಲೇ ಇರ್ತವೆ. ಸೆಕೆಗೆ ಅವು ಹಿಗ್ಗಿ ಶಾಖ ಹೊರಗೆ ಬಿಡ್ತವೆ, ಚಳಿಗೆ ಕುಗ್ಗಿ ಒಳಗೇ ಹಿಡಿದಿಟ್ಕೊಳ್ತವೆ. ಹಾಗಾಗಿ ಕಿವಿ ಮುಟ್ಟಿದ್ರೆ ಬೆಕ್ಕು ಎಲ್ಲಿ ಕೂತಿತ್ತು ಅಂತ ಗೊತ್ತಾಗುತ್ತೆ, ಜ್ವರ ಇದೆಯಾ ಅಂತ ಅಲ್ಲ. ಜ್ವರ ಏರ್ತಿರೋ ಹೊತ್ತಲ್ಲಿ ಕಿವಿ ತಣ್ಣಗೂ ಇರಬಹುದು. ಇನ್ನು ಆರೋಗ್ಯವಾಗಿರೋ ಬೆಕ್ಕಿನ ಮೈಶಾಖವೇ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗ್ಲೂ ಬೆಚ್ಚಗೇ ಅನ್ಸುತ್ತೆ.

[ದೃಶ್ಯ: ಡಿಜಿಟಲ್ ಥರ್ಮಾಮೀಟರ್, ವ್ಯಾಸಲೀನ್]

ಅಳೆಯೋದು ಹೇಗೆ? ತುದಿ ಬಾಗೋ ಡಿಜಿಟಲ್ ಥರ್ಮಾಮೀಟರ್ ತಗೊಂಡು ಬೆಕ್ಕಿಗೇ ಅಂತ ಬೇರೆ ಇಡಿ. ಗಾಜಿಂದು ಬೇಡ, ಒದ್ದಾಡಿದ್ರೆ ಒಡೆಯುತ್ತೆ. ತುದಿಗೆ ವ್ಯಾಸಲೀನ್ ಸವರಿ. ಒಬ್ಬರು ಟವೆಲ್ ಸುತ್ತಿ ಹಿಡ್ಕೊಳ್ಳಿ, ಇನ್ನೊಬ್ಬರು ಬಾಲ ಎತ್ತಿ ಗುದದ್ವಾರದೊಳಗೆ ಸುಮಾರು ಒಂದು ಇಂಚು ಮೆಲ್ಲಗೆ ತೂರಿಸಿ. ಬೀಪ್ ಬಂದ ಮೇಲೆ ತೆಗೆದು ಸ್ಪಿರಿಟ್‌ನಲ್ಲಿ ಒರೆಸಿ. ತಡೆ ಸಿಕ್ಕಿದ್ರೆ ಒತ್ತಬೇಡಿ. ತುಂಬಾ ಗಾಬರಿ ಬಿದ್ದ ಬೆಕ್ಕಿಗೆ ಅಂಕಿ ಸ್ವಲ್ಪ ಏರುತ್ತೆ. ಸುಮ್ಮನೆ ಬಿಟ್ಟು ಅರ್ಧ ಗಂಟೆ ಆದ್ಮೇಲೆ ಮತ್ತೆ ನೋಡಿ. ಹಣೆಗೆ ಹಿಡಿಯೋ ಗನ್ ಥರ್ಮಾಮೀಟರ್ ಇದಕ್ಕೆ ದಂಡ, ಅದು ಕೂದಲಿನ ಶಾಖ ತೋರಿಸುತ್ತೆ.

103 ದಾಟಿದ್ರೆ ಜ್ವರ ಅಂತ ಅನುಮಾನ ಪಡಿ. 104 ಆದ್ರೆ ಅವತ್ತೇ ಡಾಕ್ಟರ ಹತ್ರ. 99ಕ್ಕಿಂತ ಇಳಿದ್ರೂ ಅಷ್ಟೇ ಅವಸರ. ಹೊರಗೆ ತಿರುಗೋ ಗಂಡು ಬೆಕ್ಕಿಗೆ ಜ್ವರ ಬಂದ್ರೆ ಮೊದಲು ಜಗಳದ ಗಾಯ ಹುಡುಕಿ. ಇನ್ನೊಂದು ಬೆಕ್ಕು ಕಚ್ಚಿದ ತೂತು ಮೇಲೆ ಮುಚ್ಚಿ ಒಳಗೆ ಕೀವು ಕಟ್ಟಿರುತ್ತೆ.

[ದೃಶ್ಯ: ಎರಡು ಕಿವಿ ಪಕ್ಕಪಕ್ಕ]

ಕಿವಿ ನಿಜವಾಗ್ಲೂ ಸುದ್ದಿ ಕೊಡೋದು ಒಂದೇ ಕಿವಿ ಬಿಸಿ ಇದ್ದಾಗ. ಕೆಂಪು, ವಾಸನೆ, ತಲೆ ಒದರೋದು ಕಂಡ್ರೆ ಒಳಗೆ ಸೋಂಕು ಇರಬಹುದು, ಹುಲ್ಲಿನ ಮುಳ್ಳು ಸಿಕ್ಕಿರಬಹುದು. ಕಾಫಿ ಪುಡಿ ಥರ ಕಪ್ಪು ಕೊಳೆ ಇದ್ರೆ ಬಹುತೇಕ ಇಯರ್ ಮೈಟ್ ಅನ್ನೋ ನುಸಿ. ಸಾಮಾನ್ಯವಾಗಿ ಎರಡೂ ಕಿವಿಗೆ, ಮನೇಲಿರೋ ಬೇರೆ ಬೆಕ್ಕಿಗೂ ಹಬ್ಬುತ್ತೆ. ಕಿವಿ ಹಾಲೆ ಬಲೂನಿನಂತೆ ಊದಿದ್ರೆ ಒಳಗೆ ರಕ್ತ ತುಂಬಿರುತ್ತೆ. ಎಣ್ಣೆ ಬಿಡೋದು, ಬಡ್ಸ್ ಆಳಕ್ಕೆ ಹಾಕೋದು ಬೇಡ.

ಯಾವ ಕಾರಣಕ್ಕೂ ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿನ ಲಿವರ್ ಅದನ್ನ ಸರಿಯಾಗಿ ಕರಗಿಸಲ್ಲ, ಒಂದೇ ಮಾತ್ರೆಗೆ ಜೀವ ಹೋಗಬಹುದು. ಮನುಷ್ಯರ ಐಬುಪ್ರೊಫೇನ್ ಕೂಡ ವಿಷವೇ.

ತಣ್ಣನೆ ಕಿವಿ ಜೊತೆ ವಸಡು ಬಿಳಿಚಿ ಬೆಕ್ಕು ಏಳ್ತಾನೇ ಇಲ್ಲ ಅಂದ್ರೆ ಟವೆಲ್ ಸುತ್ತಿ ತಕ್ಷಣ ಹೊರಡಿ. ಹಿಂಗಾಲು ತಣ್ಣಗಾಗಿ, ಎಳ್ಕೊಂಡು ಕಿರುಚ್ತಿದ್ರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿರಬಹುದು. ಆಗ ಕಾಲು ತಿಕ್ಕಬೇಡಿ, ಬಿಸಿನೀರ ಬಾಟಲಿ ಇಡಬೇಡಿ. ಹಾಸನದವರಿಗೆ ಪಶುವೈದ್ಯಕೀಯ ಕಾಲೇಜು ಇದೆ, ಉಳಿದವರು ಹತ್ತಿರದ ಪಶು ಆಸ್ಪತ್ರೆ ನಂಬರ್ ಈಗ್ಲೇ ಫೋನಲ್ಲಿ ಇಟ್ಕೊಳ್ಳಿ.